ಶೇರ್ಡ್ ಡಿಸ್ಕ್ ಕಾಣದಾಗ, ನೋಡ್ ನಾಪತ್ತೆಯಾದಾಗ: ಕ್ಲಸ್ಟರ್ ಕಟ್ಟುವವರಿಗೆ ದೋಷ ನಿವಾರಣೆ ಕೈಪಿಡಿ

ಎರಡು ಸರ್ವರ್, ಒಂದು ಸ್ಟೋರೇಜ್, ನಡುವೆ ಒಂದೆರಡು ಸ್ವಿಚ್. ಹಾಳೆಯ ಮೇಲೆ ಕ್ಲಸ್ಟರ್ (ಒಂದಾಗಿ ಕೆಲಸ ಮಾಡುವ ಸರ್ವರ್‌ಗಳ ಗುಂಪು) ಚಿತ್ರ ಬರೆಯಲು ಐದು ನಿಮಿಷ ಸಾಕು. ಅದನ್ನೇ ರ‍್ಯಾಕ್‌ನಲ್ಲಿ ನಿಲ್ಲಿಸಲು ಹೋದಾಗ ಒಂದು ನೋಡ್‌ಗೆ, ಅಂದರೆ ಗುಂಪಿನ ಒಂದು ಸರ್ವರ್‌ಗೆ, ಡಿಸ್ಕ್ ಕಾಣುವುದಿಲ್ಲ. ಇನ್ನೊಂದು ನೋಡ್ ನಡುರಾತ್ರಿ ತಾನಾಗಿಯೇ ರೀಬೂಟ್ ಆಗುತ್ತದೆ. ಲಾಗ್ ತೆರೆದರೆ ಸಾವಿರ ಸಾಲು. ಎಲ್ಲಿಂದ ಹುಡುಕಬೇಕು ಅಂತಲೇ ತೋಚುವುದಿಲ್ಲ.

ಈ ಕೈಪಿಡಿ ಲಿನಕ್ಸ್ ನೋಡ್‌ಗಳಿಗೆ: ಪೇಸ್‌ಮೇಕರ್ (ಯಾವ ಸೇವೆ ಯಾವ ನೋಡ್‌ನಲ್ಲಿ ಓಡಬೇಕು ಅಂತ ತೀರ್ಮಾನಿಸುವುದು) ಮತ್ತು ಕೊರೊಸಿಂಕ್ (ನೋಡ್‌ಗಳ ನಡುವಿನ ಮಾತುಕತೆ ನೋಡಿಕೊಳ್ಳುವುದು) ಕ್ಲಸ್ಟರ್, ಐಸ್ಕಸಿ (ನೆಟ್‌ವರ್ಕ್ ಮೇಲೆ ಡಿಸ್ಕ್ ಕೊಡುವ ವಿಧಾನ) ಮೂಲಕ ಬರುವ ಶೇರ್ಡ್ ಡಿಸ್ಕ್, ಅದರ ಮೇಲೆ ಮಲ್ಟಿಪಾತ್ (ಒಂದೇ ಡಿಸ್ಕ್‌ಗೆ ಹೋಗುವ ಹಲವು ದಾರಿಗಳನ್ನು ಒಂದಾಗಿ ಕಟ್ಟುವುದು). ಪ್ರಾಕ್ಸ್‌ಮಾಕ್ಸ್ (ವರ್ಚುವಲ್ ಮೆಷೀನ್ ಓಡಿಸುವ ಸಾಫ್ಟ್‌ವೇರ್) ಒಳಗಿರುವುದೂ ಕೊರೊಸಿಂಕೇ, ಹಾಗಾಗಿ ಅದನ್ನು ಬಳಸುವವರಿಗೂ ನೆಟ್‌ವರ್ಕ್ ಭಾಗ ಹಾಗೇ ಹೊಂದುತ್ತದೆ. ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ, ದೊಡ್ಡಕ್ಷರ ಅಂತ ಹೇಳದ ಕಡೆ ಎಲ್ಲ ಚಿಕ್ಕಕ್ಷರ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ‘ಸ್ಟೋರೇಜ್ ಕೆಟ್ಟಿದೆ’ ಅಂತ ಕರೆದಾಗ ನಾನು ಹೋಗಿ ನೋಡಿದ್ದರಲ್ಲಿ ಜಾಸ್ತಿ ಪಾಲು ನೆಟ್‌ವರ್ಕ್ ತೊಂದರೆಗಳೇ. ಐಸ್ಕಸಿಯಲ್ಲಿ ಡಿಸ್ಕ್ ಅಂದರೆ ಒಂದು ಟಿಸಿಪಿ ಸಂಪರ್ಕ, ಅಲ್ವಾ? ಸಂಪರ್ಕ ತಡವರಿಸಿದರೆ ಡಿಸ್ಕ್ ತಡವರಿಸುತ್ತದೆ. ಆದ್ದರಿಂದ ಕೆಳಗಿನಿಂದ ಮೇಲಕ್ಕೆ ಹೋಗಿ: ಕೇಬಲ್, ಪಿಂಗ್, ಪೋರ್ಟ್, ಲಾಗಿನ್, ಡಿಸ್ಕ್, ಮಲ್ಟಿಪಾತ್, ಫೈಲ್‌ಸಿಸ್ಟಮ್, ಕೊನೆಗೆ ಕ್ಲಸ್ಟರ್. ಪೇಸ್‌ಮೇಕರ್ ಲಾಗ್‌ನಿಂದ ಶುರು ಮಾಡಿ ಸಂಜೆ ಹೊತ್ತಿಗೆ ಸಡಿಲ ಕೇಬಲ್ ಹತ್ತಿರ ಬಂದು ನಿಂತವರನ್ನು ನಾನು ತುಂಬಾ ನೋಡಿದ್ದೇನೆ.

ಕೈ ಹಾಕುವ ಮೊದಲು

ಡಿಸ್ಕ್‌ನಲ್ಲಿ ಬೇಕಾದ ಡೇಟಾ ಇದ್ದರೆ ಮೊದಲು ಬ್ಯಾಕಪ್, ಇಲ್ಲವೇ ಸ್ಟೋರೇಜ್‌ನಲ್ಲೇ ಒಂದು ಸ್ನ್ಯಾಪ್‌ಶಾಟ್. ಡೇಟಾ ಇನ್ನೂ ಹಾಕಿಲ್ಲದಿದ್ದರೆ ನೀವು ಅದೃಷ್ಟವಂತರು. ಈಗಲೇ ಎಲ್ಲ ಪರೀಕ್ಷೆ ಮುಗಿಸಿಬಿಡಿ.

ಎರಡು ಕೆಲಸ ಯಾವ ಕಾರಣಕ್ಕೂ ಬೇಡ. ಒಂದು, ಇನ್ನೊಂದು ನೋಡ್‌ನಲ್ಲಿ ಮೌಂಟ್ ಆಗಿರುವ ಡಿಸ್ಕ್ ಮೇಲೆ ಫೈಲ್‌ಸಿಸ್ಟಮ್ ರಿಪೇರಿ ಕಮಾಂಡ್ ಓಡಿಸುವುದು. ಎರಡು, ‘ಸದ್ಯಕ್ಕೆ ಕಿರಿಕಿರಿ ಬೇಡ’ ಅಂತ ಫೆನ್ಸಿಂಗ್ ಆಫ್ ಮಾಡುವುದು. ಫೆನ್ಸಿಂಗ್ ಅಂದರೆ ಮಾತು ಕೇಳದ ನೋಡ್‌ನ ಕರೆಂಟನ್ನೇ ತೆಗೆಸಿ, ಅದು ಡಿಸ್ಕ್ ಮುಟ್ಟದ ಹಾಗೆ ಮಾಡುವ ವ್ಯವಸ್ಥೆ. ಅದಿಲ್ಲದೆ ಶೇರ್ಡ್ ಡಿಸ್ಕ್ ಇಟ್ಟುಕೊಳ್ಳುವುದು ಬ್ರೇಕ್ ಇಲ್ಲದ ಬಸ್ಸನ್ನು ಘಾಟಿ ಇಳಿಸಿದ ಹಾಗೆ.

ಫೈಬರ್ ಕೇಬಲ್ ಬಿಚ್ಚಿದಾಗ ಅದರ ತುದಿಯನ್ನಾಗಲಿ, ಪೋರ್ಟನ್ನಾಗಲಿ ಕಣ್ಣಿನಿಂದ ನೋಡಬೇಡಿ. ಅದರೊಳಗಿನ ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಹಾನಿ ಮಾಡಬಲ್ಲದು. ಕೇಬಲ್ ಕೀಳುವ ಮೊದಲು ಎರಡೂ ತುದಿಗೆ ಚೀಟಿ ಅಂಟಿಸಿ, ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ.

ಲಕ್ಷಣ: ಒಂದು ನೋಡ್‌ಗೆ ಡಿಸ್ಕ್ ಕಾಣುತ್ತದೆ, ಇನ್ನೊಂದಕ್ಕೆ ಇಲ್ಲ

ಎಲ್ಲಕ್ಕಿಂತ ಸುಲಭದ್ದು: ಪೋರ್ಟ್‌ನ ದೀಪ ಉರಿಯುತ್ತಿದೆಯಾ ನೋಡಿ. ಆಮೇಲೆ ‘ಈಥ್‌ಟೂಲ್’ ಕಮಾಂಡ್ ಕೊಟ್ಟು ವೇಗ ಎಷ್ಟಿದೆ ನೋಡಿ. 10 ಗಿಗಾಬಿಟ್ ಕಾರ್ಡ್ 1 ಗಿಗಾಬಿಟ್‌ನಲ್ಲಿ ಕೂತಿದ್ದರೆ ಕೇಬಲ್ ಅಥವಾ ಮಾಡ್ಯೂಲ್ ಮೇಲೆ ಅನುಮಾನ ಪಡಿ. ‘ಈಥ್‌ಟೂಲ್ -ಎಸ್’ (ಎಸ್ ದೊಡ್ಡಕ್ಷರ) ಕೊಟ್ಟಾಗ ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟ ಪ್ಯಾಕೆಟ್) ಅನ್ನುವ ಲೆಕ್ಕ ಕಾಣುತ್ತದೆ. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. ಹಳೆಯ ಸಂಖ್ಯೆಯೇ ಇದ್ದರೆ ಚಿಂತೆ ಬೇಡ. ಏರುತ್ತಲೇ ಇದ್ದರೆ ಬೇರೆ ಕೇಬಲ್ ಹಾಕಿ.

ಮುಂದೆ ಸ್ಟೋರೇಜ್‌ನ ಐಪಿಗೆ ಪಿಂಗ್. ಪಿಂಗ್ ಹೋದರೆ 3260ನೇ ಟಿಸಿಪಿ ಪೋರ್ಟ್ ತೆರೆದಿದೆಯಾ ನೋಡಿ. ‘ಎನ್‌ಸಿ -ಝಡ್‌ವಿ’ ಬರೆದು ಐಪಿ, ಪೋರ್ಟ್ ಕೊಟ್ಟರೆ ಸಾಕು. ಪಿಂಗ್ ಸರಿ, ಪೋರ್ಟ್ ಮುಚ್ಚಿದೆ ಅಂದರೆ ಫೈರ್‌ವಾಲ್, ಇಲ್ಲವೇ ಸ್ಟೋರೇಜ್‌ನಲ್ಲಿ ಐಸ್ಕಸಿ ಸೇವೆ ಶುರುವಾಗಿಲ್ಲ.

ಪೋರ್ಟ್ ತೆರೆದಿದ್ದೂ ಲಾಗಿನ್ ಆಗದೆ 24 ಅನ್ನುವ ಎರರ್ ಸಂಖ್ಯೆ ಬಂದರೆ, ಸ್ಟೋರೇಜ್ ನಿಮ್ಮನ್ನು ಗುರುತಿಸಿ ಒಳಗೆ ಬಿಡುತ್ತಿಲ್ಲ ಎಂದರ್ಥ. ಚಾಪ್ (ಐಸ್ಕಸಿ ಲಾಗಿನ್‌ನ) ಪಾಸ್‌ವರ್ಡ್ ತಪ್ಪಿರಬಹುದು. ಇಲ್ಲವೇ ಆ ನೋಡ್‌ನ ಐಕ್ಯುಎನ್ (ಐಸ್ಕಸಿಯಲ್ಲಿ ನೋಡ್‌ನ ಗುರುತು) ಹೆಸರನ್ನು ಸ್ಟೋರೇಜ್‌ನ ಹೋಸ್ಟ್ ಪಟ್ಟಿಗೆ ಸೇರಿಸಿರುವುದಿಲ್ಲ. ಹೆಸರಿನಲ್ಲಿ ಒಂದು ಚುಕ್ಕೆ ತಪ್ಪಿದರೂ ಇದೇ ಗತಿ. ಕೈಯಲ್ಲಿ ಟೈಪ್ ಮಾಡಬೇಡಿ, ಕಾಪಿ ಮಾಡಿ ಹಾಕಿ.

ಲಾಗಿನ್ ಆಗಿದೆ, ಆದರೂ ಡಿಸ್ಕ್ ಇಲ್ಲ ಅಂದರೆ ಸ್ಟೋರೇಜ್‌ನಲ್ಲಿ ಆ ಲನ್ (ಸ್ಟೋರೇಜ್ ಹಂಚುವ ಡಿಸ್ಕ್ ತುಂಡು) ಅನ್ನು ಮೊದಲ ನೋಡ್‌ಗೆ ಮಾತ್ರ ಮ್ಯಾಪ್ ಮಾಡಿರುತ್ತಾರೆ. ಮ್ಯಾಪ್ ಮಾಡಿದ ಮೇಲೆ ನೋಡ್‌ನಲ್ಲಿ ‘ಐಸ್ಕಸಿಆಡ್ಮ್ -ಎಂ ಸೆಷನ್ --ರೀಸ್ಕ್ಯಾನ್’ ಕೊಡಿ. ರೀಬೂಟ್ ಬೇಕಿಲ್ಲ.

ಲಕ್ಷಣ: ಡಿಸ್ಕ್ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ನನ್ನ ಎರಡು ದಿನ ತಿಂದ ತೊಂದರೆ.

ಒಂದು ಕಾಲೇಜಿನ ಲ್ಯಾಬ್‌ಗೆ ಎರಡು ನೋಡ್‌ನ ಕ್ಲಸ್ಟರ್ ಕಟ್ಟುತ್ತಿದ್ದೆ. ಮೊದಲ ನೋಡ್‌ನಲ್ಲಿ ಎಲ್ಲ ಸರಿಯಾಗಿ ನಿಂತಿತು. ಎರಡನೆಯದರಲ್ಲಿ ಐಸ್ಕಸಿ ಲಾಗಿನ್ ಕೊಟ್ಟ ತಕ್ಷಣ ಮೊದಲನೆಯದರ ಡಿಸ್ಕ್ ಹೋಯಿತು. ಎರಡು ಮೂರು ಸೆಕೆಂಡ್‌ಗೆ ಅಲ್ಲಿ ಮತ್ತೆ ಬಂತು, ಇಲ್ಲಿ ಹೋಯಿತು. ಎರಡೂ ಟರ್ಮಿನಲ್‌ಗಳನ್ನು ಅಕ್ಕಪಕ್ಕ ಇಟ್ಟು ಲಾಗ್ ನೋಡಿದೆ. ಎರಡರಲ್ಲೂ 1020 ಅನ್ನುವ ಎರರ್ ಒಂದರ ನಂತರ ಒಂದು, ಸರದಿ ಪ್ರಕಾರ ಬೀಳುತ್ತಿತ್ತು. 1020 ಅಂದರೆ ಆ ಕಡೆಯವರು ಟಿಸಿಪಿ ಸಂಪರ್ಕ ಮುಚ್ಚಿದರು ಎಂದರ್ಥ. ಸ್ವಿಚ್ ಬದಲಿಸಿದೆ, ಕೇಬಲ್ ಬದಲಿಸಿದೆ, ಏನೂ ಆಗಲಿಲ್ಲ.

ಎರಡನೇ ದಿನ ಸಂಜೆ ಎರಡೂ ನೋಡ್‌ಗಳಲ್ಲಿ ಇನಿಶಿಯೇಟರ್ ಹೆಸರಿನ (ಮೇಲೆ ಹೇಳಿದ ಐಕ್ಯುಎನ್) ಫೈಲ್ ತೆರೆದೆ. ಇಟಿಸಿ ಒಳಗೆ ಐಸ್ಕಸಿ ಫೋಲ್ಡರ್‌ನಲ್ಲಿ ‘ಇನಿಶಿಯೇಟರ್‌ನೇಮ್’ ಅಂತ ಇರುತ್ತದಲ್ಲ, ಅದೇ. ಎರಡರಲ್ಲೂ ಅಕ್ಷರ ಅಕ್ಷರ ಒಂದೇ ಹೆಸರು. ಎರಡನೇ ನೋಡನ್ನು ಮೊದಲನೆಯದರಿಂದ ಕ್ಲೋನ್ ಮಾಡಿದ್ದೆವು. ಒಂದೇ ಹೆಸರಿನವನು ಮತ್ತೆ ಬಂದ ಅಂದರೆ ಸ್ಟೋರೇಜ್ ಏನು ತಿಳಿಯುತ್ತದೆ? ಹಳೆಯ ಸಂಪರ್ಕ ಸತ್ತುಹೋಗಿ ಅದೇ ಮನುಷ್ಯ ವಾಪಸ್ ಬಂದಿದ್ದಾನೆ ಅಂತ. ಹಾಗಾಗಿ ಹಳೆಯದನ್ನು ಕಿತ್ತು ಹೊಸದಕ್ಕೆ ಜಾಗ ಕೊಡುತ್ತದೆ. ಹೊರಬಿದ್ದವನು ಮತ್ತೆ ಲಾಗಿನ್ ಆಗುತ್ತಾನೆ, ಇವನು ಬೀಳುತ್ತಾನೆ.

ಪರಿಹಾರ ಸುಲಭ. ಎರಡನೇ ನೋಡ್‌ನಲ್ಲಿ ಐಸ್ಕಸಿಯಿಂದ ಲಾಗ್‌ಔಟ್ ಆಗಿ. ‘ಐಸ್ಕಸಿ-ಐನೇಮ್’ ಕಮಾಂಡ್ ಹೊಸ ಹೆಸರು ಹುಟ್ಟಿಸಿ ಕೊಡುತ್ತದೆ. ಅದನ್ನು ಆ ಫೈಲ್‌ನಲ್ಲಿ ಹಾಕಿ, ಸೇವೆಯನ್ನು ಮರುಶುರು ಮಾಡಿ, ಸ್ಟೋರೇಜ್‌ನ ಹೋಸ್ಟ್ ಪಟ್ಟಿಗೂ ಹೊಸ ಹೆಸರು ಸೇರಿಸಿ. ಕ್ಲೋನ್ ಮಾಡಿದ ನೋಡ್‌ನಲ್ಲಿ ಮೆಷೀನ್-ಐಡಿ, ಎಸ್‌ಎಸ್‌ಎಚ್ ಹೋಸ್ಟ್ ಕೀಗಳನ್ನೂ ಹೊಸದಾಗಿ ಮಾಡಿಕೊಳ್ಳಿ. ಇವತ್ತಿಗೂ ನಾನು ಯಾವುದೇ ಹೊಸ ಕ್ಲಸ್ಟರ್ ಹತ್ತಿರ ಕೂತರೆ ಮೊದಲು ತೆರೆಯುವುದು ಆ ಹೆಸರಿನ ಫೈಲನ್ನೇ.

ಲಕ್ಷಣ: ಒಂದೇ ಡಿಸ್ಕ್ ನಾಲ್ಕಾಗಿ ಕಾಣುತ್ತದೆ, ಅಥವಾ ಹೆಸರು ಅದಲು ಬದಲು

ನಾಲ್ಕಾಗಿ ಕಾಣುವುದು ರೋಗ ಅಲ್ಲ. ಸ್ಟೋರೇಜ್‌ಗೆ ನಾಲ್ಕು ದಾರಿ ಇದ್ದರೆ ಕರ್ನಲ್‌ಗೆ ನಾಲ್ಕು ಡಿಸ್ಕ್ ಕಾಣುತ್ತದೆ. ಅವನ್ನು ಒಂದಾಗಿ ಕಟ್ಟುವುದೇ ಮಲ್ಟಿಪಾತ್ ಕೆಲಸ. ‘ಮಲ್ಟಿಪಾತ್ -ಎಲ್‌ಎಲ್’ ಕೊಡಿ. ಪ್ರತಿ ದಾರಿಯ ಮುಂದೆ ‘ಆಕ್ಟಿವ್ ರೆಡಿ ರನ್ನಿಂಗ್’ ಇರಬೇಕು. ‘ಫೇಲ್ಡ್ ಫಾಲ್ಟಿ’ ಅಂತಿದ್ದರೆ ಆ ದಾರಿಯ ಕೇಬಲ್‌ನಿಂದ ಮತ್ತೆ ಶುರು. ಏನೂ ತೋರಿಸದಿದ್ದರೆ ಮಲ್ಟಿಪಾತ್ ಸೇವೆಯೇ ಓಡುತ್ತಿಲ್ಲ, ಅಥವಾ ಡಿಸ್ಕ್ ಬ್ಲ್ಯಾಕ್‌ಲಿಸ್ಟ್‌ನಲ್ಲಿದೆ.

ಹೆಸರಿನ ವಿಷಯದಲ್ಲಿ ಮಾತ್ರ ತುಂಬಾ ಎಚ್ಚರ ಬೇಕು. ‘ಎಂಪಾತ್‌ಎ’, ‘ಎಂಪಾತ್‌ಬಿ’ ಅನ್ನುವ ಚಂದದ ಹೆಸರುಗಳನ್ನು ಪ್ರತಿ ನೋಡ್ ತನ್ನ ಪಾಡಿಗೆ ತಾನು ಕೊಟ್ಟುಕೊಳ್ಳುತ್ತದೆ. ಮೊದಲ ನೋಡ್‌ನ ಎಂಪಾತ್‌ಎ ಎರಡನೇ ನೋಡ್‌ನಲ್ಲಿ ಎಂಪಾತ್‌ಬಿ ಆಗಿರಬಹುದು. ಇದನ್ನು ಗಮನಿಸದೆ ‘ಎಂಪಾತ್‌ಬಿ ಖಾಲಿ ಡಿಸ್ಕ್’ ಅಂತ ಎರಡನೇ ನೋಡ್‌ನಲ್ಲಿ ಫಾರ್ಮ್ಯಾಟ್ ಮಾಡಿದರೆ ಮುಗಿಯಿತು. ಡಿಸ್ಕನ್ನು ಗುರುತಿಸುವುದು ಅದರ ಡಬ್ಲ್ಯುಡಬ್ಲ್ಯುಐಡಿ ಅನ್ನುವ, ಬೇರೆ ಯಾವ ಡಿಸ್ಕ್‌ಗೂ ಇರದ ಗುರುತು ಸಂಖ್ಯೆಯಿಂದ ಮಾತ್ರ. ಎರಡೂ ನೋಡ್‌ನಲ್ಲಿ ಆ ಉದ್ದ ಸಂಖ್ಯೆ ಒಂದೇ ಇದೆಯಾ ಅಂತ ಪೂರ್ತಿ ಹೋಲಿಸಿ. ಬರೀ ಕೊನೆಯ ನಾಲ್ಕು ಅಂಕಿ ನೋಡಿದರೆ ಸಾಲದು. ಹೆಸರುಗಳು ಒಂದೇ ಇರಬೇಕು ಅಂದರೆ ಮಲ್ಟಿಪಾತ್ ಕಾನ್ಫಿಗ್‌ನಲ್ಲಿ ಡಬ್ಲ್ಯುಡಬ್ಲ್ಯುಐಡಿಗೆ ನೀವೇ ಅಲಿಯಾಸ್ ಕೊಟ್ಟು, ಆ ಫೈಲನ್ನು ಎಲ್ಲ ನೋಡ್‌ಗಳಿಗೂ ಕಾಪಿ ಮಾಡಿ.

ಡಿಸ್ಕ್ ಇದೆ, ಎಲ್‌ವಿಎಂ (ಡಿಸ್ಕ್‌ಗಳನ್ನು ಕೂಡಿಸಿ ಭಾಗ ಮಾಡುವ ಲಿನಕ್ಸ್ ವ್ಯವಸ್ಥೆ) ವಾಲ್ಯೂಮ್ ಗ್ರೂಪ್ ಮಾತ್ರ ಕಾಣುತ್ತಿಲ್ಲ ಅಂದರೆ ಎರಡು ಸಾಧ್ಯತೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ರಿಂದ ಎಲ್‌ವಿಎಂ ತನ್ನ ಡಿವೈಸ್ ಫೈಲ್‌ನಲ್ಲಿ ಬರೆದ ಡಿಸ್ಕ್‌ಗಳನ್ನು ಮಾತ್ರ ನೋಡುತ್ತದೆ. ಎರಡನೇ ನೋಡ್‌ನಲ್ಲಿ ‘ಎಲ್‌ವಿಎಂಡಿವೈಸಸ್ --ಆಡ್‌ಡೆವ್’ ಕೊಟ್ಟು ಸೇರಿಸಬೇಕು. ಇನ್ನೊಂದು, ಆ ಗ್ರೂಪ್‌ಗೆ ಮೊದಲ ನೋಡ್‌ನ ಸಿಸ್ಟಮ್ ಐಡಿ ಅಂಟಿದೆ. ಒಂದು ಸಲಕ್ಕೆ ಒಂದೇ ನೋಡ್ ಬಳಸಲಿ ಅಂತ ಹಾಕಿದ ಬೀಗ ಅದು, ಕ್ಲಸ್ಟರ್ ತಾನೇ ತೆಗೆದು ಹಾಕುತ್ತದೆ. ಅದನ್ನು ಬಲವಂತವಾಗಿ ಕೀಳಬೇಡಿ.

ಲಕ್ಷಣ: ಇಲ್ಲಿ ಬರೆದ ಫೈಲ್ ಅಲ್ಲಿ ಕಾಣುತ್ತಿಲ್ಲ

ಇಲ್ಲಿ ನಿಲ್ಲಿ. ಆ ಡಿಸ್ಕ್‌ಗೆ ಏನೂ ಬರೆಯಬೇಡಿ.

ಎರಡೂ ನೋಡ್‌ನಲ್ಲಿ ‘ಮೌಂಟ್’ ಕೊಟ್ಟು ಆ ಡಿಸ್ಕ್‌ನ ಫೈಲ್‌ಸಿಸ್ಟಮ್ ಯಾವುದು ನೋಡಿ. ಇಎಕ್ಸ್‌ಟಿ4 ಅಥವಾ ಎಕ್ಸ್‌ಎಫ್‌ಎಸ್ ಆಗಿದ್ದು ಎರಡೂ ಕಡೆ ಮೌಂಟ್ ಆಗಿದ್ದರೆ, ಡೇಟಾ ಈಗಾಗಲೇ ಕೆಡುತ್ತಿದೆ. ಹೊಸದಾಗಿ ಕಲಿಯುವವರು ಎಲ್ಲರಿಗಿಂತ ಜಾಸ್ತಿ ಬೀಳುವ ಗುಂಡಿ ಇದು. ಡಿಸ್ಕ್ ಶೇರ್ ಆಗಿದೆ, ಆದ್ದರಿಂದ ಫೈಲ್‌ಗಳೂ ಶೇರ್ ಆಗುತ್ತವೆ ಅಂತ ಅಂದುಕೊಳ್ಳುತ್ತಾರೆ. ತಪ್ಪೇನಿಲ್ಲ, ಹಾಗೆ ಅನ್ನಿಸುವುದು ಸಹಜ. ಆದರೆ ಇಎಕ್ಸ್‌ಟಿ4 ಈ ಡಿಸ್ಕ್ ನನ್ನೊಬ್ಬನದೇ ಅಂತ ನಂಬಿ ಕೆಲಸ ಮಾಡುತ್ತದೆ. ಯಾವ ಬ್ಲಾಕ್ ಖಾಲಿ, ಯಾವುದು ತುಂಬಿದೆ ಅನ್ನುವ ಲೆಕ್ಕವನ್ನು ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಪಕ್ಕದ ನೋಡ್ ಅದೇ ಬ್ಲಾಕ್‌ನಲ್ಲಿ ಬರೆದದ್ದು ಇದಕ್ಕೆ ಗೊತ್ತೇ ಆಗುವುದಿಲ್ಲ. ಒಂದೇ ಲೆಕ್ಕದ ಪುಸ್ತಕದ ಒಂದೇ ಪುಟದಲ್ಲಿ ಇಬ್ಬರು ಗುಮಾಸ್ತರು ಒಬ್ಬರನ್ನೊಬ್ಬರು ನೋಡದೆ ಬರೆದಂತೆ.

ಮಾಡಬೇಕಾದ್ದು: ಆ ಡಿಸ್ಕ್‌ಗೆ ಬರೆಯುವ ಎಲ್ಲ ಪ್ರೋಗ್ರಾಂ ನಿಲ್ಲಿಸಿ. ಎರಡೂ ನೋಡ್‌ನಲ್ಲಿ ಅನ್‌ಮೌಂಟ್ ಮಾಡಿ. ಸ್ಟೋರೇಜ್‌ನಲ್ಲಿ ಸ್ನ್ಯಾಪ್‌ಶಾಟ್ ತೆಗೆಯಿರಿ. ಆಮೇಲೆ ಒಂದೇ ನೋಡ್‌ನಿಂದ, ಬರೆಯದೆ ಬರೀ ಓದುವ ರೀತಿಯಲ್ಲಿ ಫೈಲ್‌ಸಿಸ್ಟಮ್ ಪರೀಕ್ಷಿಸಿ. ತಪ್ಪುಗಳ ಪಟ್ಟಿ ಉದ್ದ ಬಂದರೆ, ಡೇಟಾ ಬೇಕಾದ್ದಾದರೆ, ರಿಪೇರಿಗೆ ಕೈ ಹಾಕದೆ ಅನುಭವಸ್ಥರನ್ನು ಕರೆಯಿರಿ. ರಿಪೇರಿ ಕಮಾಂಡ್ ಫೈಲ್‌ಸಿಸ್ಟಮ್ ಲೆಕ್ಕವನ್ನು ಸರಿ ಮಾಡುತ್ತದೆ, ನಿಮ್ಮ ಫೈಲನ್ನು ಉಳಿಸುತ್ತದೆ ಅಂತ ಅದರ ಭರವಸೆ ಇಲ್ಲ.

ಎರಡೂ ಕಡೆ ಒಟ್ಟಿಗೆ ಮೌಂಟ್ ಬೇಕೇ ಬೇಕು ಅಂದರೆ ಜಿಎಫ್‌ಎಸ್2 ಅಥವಾ ಒಸಿಎಫ್‌ಎಸ್2 ತರಹದ ಕ್ಲಸ್ಟರ್ ಫೈಲ್‌ಸಿಸ್ಟಮ್ ಬೇಕು. ಒಂದು ಸಲಕ್ಕೆ ಒಂದೇ ಕಡೆ ಸಾಕು, ಬಿದ್ದಾಗ ಇನ್ನೊಂದು ಕಡೆ ಏಳಲಿ ಅಂದರೆ ಎಕ್ಸ್‌ಎಫ್‌ಎಸ್ ಸಾಕು, ಆದರೆ ಮೌಂಟ್ ಮಾಡುವ ಕೆಲಸ ಪೇಸ್‌ಮೇಕರ್‌ನದು. ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಮೌಂಟ್ ಮಾಡುವ ಪಟ್ಟಿ) ಆ ಡಿಸ್ಕ್‌ನ ಸಾಲು ಇದ್ದರೆ ಇವತ್ತೇ ತೆಗೆದುಬಿಡಿ. ಇಎಕ್ಸ್‌ಟಿ4ನಲ್ಲಿ ಎಂಎಂಪಿ ಅನ್ನುವ ರಕ್ಷಣೆ ಇದೆ, ಎರಡನೇ ಮೌಂಟ್ ತಡೆಯುತ್ತದೆ. ಅದು ತಾನಾಗಿ ಆನ್ ಇರುವುದಿಲ್ಲ.

ಜಿಎಫ್‌ಎಸ್2 ಹಾಕಿದ್ದೀರಿ, ಎರಡು ನೋಡ್‌ನಲ್ಲಿ ಸರಿ, ಮೂರನೆಯದರಲ್ಲಿ ಮೌಂಟ್ ಆಗುತ್ತಿಲ್ಲವಾ? ಪ್ರತಿ ನೋಡ್‌ಗೂ ಒಂದು ಜರ್ನಲ್ (ಬದಲಾವಣೆ ಬರೆದಿಡುವ ಜಾಗ) ಬೇಕು. ‘ಜಿಎಫ್‌ಎಸ್2_ಜೆಆಡ್’ ಕೊಟ್ಟು ಒಂದು ಸೇರಿಸಿ.

ಲಕ್ಷಣ: ನೋಡ್‌ಗಳು ಒಂದನ್ನೊಂದು ಕಾಣುತ್ತಿಲ್ಲ

ಎರಡೂ ನೋಡ್ ‘ನಾನಿದ್ದೇನೆ, ಅವನಿಲ್ಲ’ ಅನ್ನುತ್ತವೆ. ಮೊದಲು ಹೋಸ್ಟ್ಸ್ ಫೈಲ್ ನೋಡಿ. ಡೆಬಿಯನ್, ಉಬುಂಟು ಹಾಕುವಾಗ ಮೆಷೀನಿನ ಹೆಸರನ್ನು 127.0.1.1ಕ್ಕೆ ಬರೆದಿರುತ್ತದೆ. ಆಗ ಕೊರೊಸಿಂಕ್ ತನ್ನ ಹೆಸರು ಹುಡುಕಿ, ತನ್ನೊಳಗಿನ ಲೂಪ್‌ಬ್ಯಾಕ್‌ಗೇ ಅಂಟಿಕೊಂಡು ಕೂರುತ್ತದೆ. ಹೊರಗೆ ಒಂದು ಪ್ಯಾಕೆಟ್ಟೂ ಹೋಗುವುದಿಲ್ಲ. ಆ ಸಾಲು ತೆಗೆದು ಎಲ್ಲ ನೋಡ್‌ಗಳ ನಿಜವಾದ ಐಪಿ ಬರೆಯಿರಿ.

ನಂತರ ಫೈರ್‌ವಾಲ್. ಕೊರೊಸಿಂಕ್‌ಗೆ ಯುಡಿಪಿ 5405 ಬೇಕು, ಒಂದಕ್ಕಿಂತ ಜಾಸ್ತಿ ಲಿಂಕ್ ಇದ್ದರೆ 5412ರವರೆಗೆ. ಕ್ಲಸ್ಟರ್ ನಡೆಸುವ ಕಮಾಂಡ್ ಪಿಸಿಎಸ್‌ಗೆ ಟಿಸಿಪಿ 2224. ಜಿಎಫ್‌ಎಸ್2ನ ಬೀಗ ನೋಡಿಕೊಳ್ಳುವ ಡಿಎಲ್‌ಎಂಗೆ ಟಿಸಿಪಿ 21064. ಫೈರ್‌ವಾಲ್‌ಡಿ ಇದ್ದರೆ ‘ಹೈ-ಅವೈಲಬಿಲಿಟಿ’ ಅನ್ನುವ ಸಿದ್ಧ ಸೇವೆ ಸೇರಿಸಿದರೆ ಎಲ್ಲ ಒಟ್ಟಿಗೆ ತೆರೆಯುತ್ತದೆ. ಪಿಂಗ್ ಹೋಗುತ್ತಿದೆ ಅಂತ ಫೈರ್‌ವಾಲ್ ಸರಿ ಇದೆ ಅಂದುಕೊಳ್ಳಬೇಡಿ, ಪಿಂಗ್ ಬೇರೆ, ಯುಡಿಪಿ ಬೇರೆ.

ಕೊರೊಸಿಂಕ್‌ನ ಗುಪ್ತ ಕೀ ಇರುವ ‘ಆತ್‌ಕೀ’ ಫೈಲ್ ಎಲ್ಲ ನೋಡ್‌ನಲ್ಲೂ ಒಂದೇ ಇರಬೇಕು. ‘ಎಂಡಿ5ಸಮ್’ ಕೊಟ್ಟು ಹೋಲಿಸಿ. ‘ಕೊರೊಸಿಂಕ್-ಸಿಎಫ್‌ಜಿಟೂಲ್ -ಎಸ್’ ಪ್ರತಿ ಲಿಂಕ್‌ನ ಸ್ಥಿತಿ ತೋರಿಸುತ್ತದೆ.

ಶುರುವಿನಲ್ಲಿ ಚೆನ್ನಾಗಿದ್ದು ನಾಲ್ಕೈದು ನಿಮಿಷಕ್ಕೆ ಒಡೆದುಹೋದರೆ ಕಾರಣ ಬೇರೆ. ಹಳೆಯ ಕೊರೊಸಿಂಕ್ ಮಲ್ಟಿಕಾಸ್ಟ್ (ಒಂದು ಗುಂಪಿಗೆಲ್ಲ ಒಟ್ಟಿಗೆ ಕಳಿಸುವುದು) ಬಳಸುತ್ತಿತ್ತು. ಸ್ವಿಚ್‌ನಲ್ಲಿ ಐಜಿಎಂಪಿ ಸ್ನೂಪಿಂಗ್ (ಗುಂಪಿನಲ್ಲಿ ಯಾರಿದ್ದಾರೆ ಅಂತ ಕದ್ದು ಕೇಳುವುದು) ಆನ್ ಇದ್ದು, ಕ್ವೆರಿಯರ್ (ಆಗಾಗ ‘ಯಾರಿದ್ದೀರಿ’ ಅಂತ ಕೇಳುವವನು) ಯಾರೂ ಇಲ್ಲದಿದ್ದರೆ, 260 ಸೆಕೆಂಡ್ ಆದ ಮೇಲೆ ಸ್ವಿಚ್ ಆ ಗುಂಪನ್ನು ಮರೆತುಬಿಡುತ್ತದೆ. ಮಾತು ಅಲ್ಲಿಗೆ ನಿಂತಿತು. ಗಡಿಯಾರ ಹಿಡಿದು ನೋಡಿ. ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ಬಿದ್ದರೆ ಇದೇ. ಸ್ವಿಚ್‌ನಲ್ಲಿ ಕ್ವೆರಿಯರ್ ಆನ್ ಮಾಡಿ, ಅಥವಾ ಯುನಿಕಾಸ್ಟ್‌ಗೆ (ಒಬ್ಬೊಬ್ಬರಿಗೇ ಕಳಿಸುವುದು) ಬನ್ನಿ. ಕೊರೊಸಿಂಕ್ 3 ಡಿಫಾಲ್ಟ್ ಆಗಿ ಬಳಸುವ ಕ್ರೋನೋಸ್ನೆಟ್‌ಗೆ ಈ ತಲೆನೋವೇ ಇಲ್ಲ.

ರೀಬೂಟ್ ಆದ ತಕ್ಷಣ ಮಾತ್ರ ನೋಡ್ ಒಂಟಿಯಾಗಿ, ಅರ್ಧ ನಿಮಿಷಕ್ಕೆ ಸರಿಹೋಗುತ್ತಿದ್ದರೆ ಸ್ವಿಚ್‌ನ ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕ್‌ನಲ್ಲಿ ಲೂಪ್ ತಡೆಯುವ ವ್ಯವಸ್ಥೆ) ನೋಡಿ. ಹಳೆಯ ರೀತಿಯಲ್ಲಿ ಪೋರ್ಟ್ ಮೇಲೆದ್ದ ಮೇಲೆ 15 ಮತ್ತು 15, ಒಟ್ಟು 30 ಸೆಕೆಂಡ್ ಪ್ಯಾಕೆಟ್ ಬಿಡುವುದಿಲ್ಲ. ಸರ್ವರ್ ಪೋರ್ಟ್‌ಗಳಿಗೆ ಎಡ್ಜ್ ಅಥವಾ ಪೋರ್ಟ್‌ಫಾಸ್ಟ್ ಹಾಕಿ. ಸ್ವಿಚ್‌ನಿಂದ ಸ್ವಿಚ್‌ಗೆ ಹೋಗುವ ಪೋರ್ಟ್‌ಗೆ ಮಾತ್ರ ಅದು ಬೇಡ, ಲೂಪ್ ಆಗಿ ಇಡೀ ನೆಟ್‌ವರ್ಕ್ ಮಲಗಬಹುದು.

ಲಕ್ಷಣ: ಪಿಂಗ್ ಸರಿ, ದೊಡ್ಡ ಫೈಲ್ ಮಾತ್ರ ನಿಂತುಹೋಗುತ್ತದೆ

ಲಾಗಿನ್ ಆಗುತ್ತದೆ, ಡಿಸ್ಕ್ ಕಾಣುತ್ತದೆ, ಸಣ್ಣ ಫೈಲ್ ಹೋಗುತ್ತದೆ. ಒಂದು ಜಿಬಿ ಕಾಪಿ ಹಾಕಿದರೆ ಅಲ್ಲೇ ಗಟ್ಟಿಯಾಗುತ್ತದೆ. ಇದು ಬಹುತೇಕ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ತಪ್ಪು. ನೋಡ್‌ನಲ್ಲಿ ಜಂಬೋ ಫ್ರೇಮ್ 9000 ಹಾಕಿದ್ದೀರಿ, ನಡುವಿನ ಸ್ವಿಚ್‌ನಲ್ಲಿ 1500 ಉಳಿದಿದೆ. ಪಿಂಗ್‌ನ ಪ್ಯಾಕೆಟ್ ಚಿಕ್ಕದು, ದಾಟುತ್ತದೆ. ದೊಡ್ಡದನ್ನು ಸ್ವಿಚ್ ಸದ್ದಿಲ್ಲದೆ ಬಿಸಾಡುತ್ತದೆ.

ಪರೀಕ್ಷೆ: ‘ಪಿಂಗ್ -ಎಂ ಡು -ಎಸ್ 8972’ (ಎಂ ಮಾತ್ರ ದೊಡ್ಡಕ್ಷರ) ಮತ್ತು ಸ್ಟೋರೇಜ್ ಐಪಿ. 9000ದಲ್ಲಿ ಐಪಿ ಹೆಡರ್ 20, ಐಸಿಎಂಪಿ ಹೆಡರ್ 8 ಕಳೆದರೆ 8972. ಇದು ಹೋಗದೆ 1472 ಹೋದರೆ ನಡುವೆ ಎಲ್ಲೋ 1500 ಕೂತಿದೆ. ಪ್ರತಿ ನೋಡ್‌ನಿಂದ, ಪ್ರತಿ ಕಾರ್ಡ್‌ನಿಂದ, ಸ್ಟೋರೇಜ್‌ನ ಪ್ರತಿ ಪೋರ್ಟ್‌ಗೂ ಮಾಡಿ. ನಾಲ್ಕರಲ್ಲಿ ಒಂದು ದಾರಿ ಮಾತ್ರ ಕೆಟ್ಟಿದ್ದರೆ ತೊಂದರೆ ಬಂದು ಹೋಗಿ ಮಾಡುತ್ತದೆ, ಅದನ್ನು ಹಿಡಿಯುವುದು ಇನ್ನೂ ಕಷ್ಟ. ನನ್ನ ಅಭಿಪ್ರಾಯ ಕೇಳಿದರೆ, ಕ್ಲಸ್ಟರ್ ಮೊದಲು 1500ರಲ್ಲೇ ನಿಲ್ಲಲಿ. ಎಲ್ಲ ಸರಿಹೋದ ಮೇಲೆ, ಅಳೆದು ನೋಡಿ ಲಾಭ ಇದ್ದರೆ ಜಂಬೋಗೆ ಹೋಗಿ.

ಲಕ್ಷಣ: ರಾತ್ರಿ ಬ್ಯಾಕಪ್ ಹೊತ್ತಿಗೆ ನೋಡ್ ರೀಬೂಟ್

ಹಗಲೆಲ್ಲ ಚೆನ್ನಾಗಿರುತ್ತದೆ. ಬೆಳಿಗ್ಗೆ ಬಂದು ನೋಡಿದರೆ ಒಂದು ನೋಡ್‌ನ ಅಪ್‌ಟೈಮ್ ಆರು ಗಂಟೆ. ರೀಬೂಟ್ ಸಮಯವನ್ನು ಬ್ಯಾಕಪ್ ಶೆಡ್ಯೂಲ್ ಪಕ್ಕ ಇಡಿ. ಎರಡೂ ಹೊಂದಿದರೆ ಅರ್ಧ ಕೆಲಸ ಮುಗಿಯಿತು.

ಕೊರೊಸಿಂಕ್‌ಗೆ ಜಾಸ್ತಿ ಬ್ಯಾಂಡ್‌ವಿಡ್ತ್ ಬೇಡ, ತಡವಾಗದ ದಾರಿ ಬೇಕು. ಪ್ರಾಕ್ಸ್‌ಮಾಕ್ಸ್ ಕೈಪಿಡಿ ನೋಡ್‌ಗಳ ನಡುವೆ 5 ಮಿಲಿಸೆಕೆಂಡ್‌ಗಿಂತ ಕಡಿಮೆ ಇರಲಿ ಅನ್ನುತ್ತದೆ. ಬ್ಯಾಕಪ್, ಐಸ್ಕಸಿ, ಹಾರ್ಟ್‌ಬೀಟ್ (ಕೊರೊಸಿಂಕ್‌ನ ‘ನಾನಿದ್ದೇನೆ’ ಸಂದೇಶ) ಮೂರೂ ಒಂದೇ ತಂತಿಯಲ್ಲಿ ಹೋದರೆ, ಬ್ಯಾಕಪ್ ಶುರುವಾದಾಗ ಹಾರ್ಟ್‌ಬೀಟ್ ಸಂತೆಯ ದಿನ ಸಿಕ್ಕಿಬಿದ್ದ ಆಂಬುಲೆನ್ಸ್ ಹಾಗೆ. ಟೋಕನ್ ಸಮಯ (ಆ ಸಂದೇಶಕ್ಕೆ ಕಾಯುವ ಅವಧಿ) ಮೀರುತ್ತದೆ, ಪಕ್ಕದ ನೋಡ್ ‘ಇವನು ಸತ್ತ’ ಅಂತ ತೀರ್ಮಾನಿಸಿ ಫೆನ್ಸ್ ಮಾಡುತ್ತದೆ. ಅದು ಮಾಡಿದ್ದು ಸರಿಯೇ. ಸರಿಪಡಿಸಬೇಕಾದ್ದು ತಂತಿ.

ಹಾರ್ಟ್‌ಬೀಟ್‌ಗೆ ಬೇರೆ ಕಾರ್ಡ್, ಸಾಧ್ಯವಾದರೆ ಬೇರೆ ಸ್ವಿಚ್ ಕೊಡಿ. 1 ಗಿಗಾಬಿಟ್ ಧಾರಾಳ. ಎರಡನೇ ಲಿಂಕ್ ಆಗಿ ಇನ್ನೊಂದು ನೆಟ್‌ವರ್ಕ್ ಸೇರಿಸಿ. ಟೋಕನ್ ಸಮಯ ಏರಿಸುವುದು ಕೊನೆಯ ಮಾತು. ಕೊರೊಸಿಂಕ್ 3.1ರಿಂದ ಅದರ ಡಿಫಾಲ್ಟ್ 3000 ಮಿಲಿಸೆಕೆಂಡ್, ಅದಕ್ಕೂ ಮೊದಲು 1000 ಇತ್ತು. ಅದನ್ನು 30 ಸೆಕೆಂಡ್ ಮಾಡಿದರೆ ರೀಬೂಟ್ ನಿಲ್ಲಬಹುದು, ಆದರೆ ನೋಡ್ ನಿಜವಾಗಿ ಸತ್ತಾಗಲೂ ಅರ್ಧ ನಿಮಿಷ ಯಾರೂ ಏಳುವುದಿಲ್ಲ.

ಲಾಗ್‌ನಲ್ಲಿ ‘ಕೊರೊಸಿಂಕ್ ಮೇನ್ ಪ್ರೊಸೆಸ್ ವಾಸ್ ನಾಟ್ ಶೆಡ್ಯೂಲ್ಡ್’ ಅಂತ ಇದೆಯಾ ಅಂತಲೂ ಹುಡುಕಿ. ಇದ್ದರೆ ನೆಟ್‌ವರ್ಕ್ ಬಿಟ್ಟುಬಿಡಿ. ಆ ಮೆಷೀನೇ ಕೆಲವು ಸೆಕೆಂಡ್ ಉಸಿರು ಹಿಡಿದಿತ್ತು. ನೋಡ್ ವರ್ಚುವಲ್ ಮೆಷೀನ್ ಆಗಿದ್ದು, ಬ್ಯಾಕಪ್ ಸಾಫ್ಟ್‌ವೇರ್ ಅದರ ಸ್ನ್ಯಾಪ್‌ಶಾಟ್ ತೆಗೆಯುವಾಗ ಹೀಗಾಗುತ್ತದೆ.

ಲಕ್ಷಣ: ಎರಡೂ ನೋಡ್ ಒಂದನ್ನೊಂದು ಕೆಡವುತ್ತವೆ, ಅಥವಾ ಎರಡೂ ‘ನಾನೇ ಯಜಮಾನ’ ಅನ್ನುತ್ತವೆ

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಸ್ಪ್ಲಿಟ್-ಬ್ರೇನ್ ಅದೇ. ಇದರ ಬೆಲೆ ಎಷ್ಟು ಅನ್ನುವುದಕ್ಕೆ 2018ರ ಅಕ್ಟೋಬರ್ 21ರ ಗಿಟ್‌ಹಬ್ (ಪ್ರೋಗ್ರಾಂ ಕೋಡ್ ಇಡುವ ತಾಣ) ಘಟನೆ ಸಾಕು. ಅಮೆರಿಕದ ಪೂರ್ವ ಕರಾವಳಿಯ ನೆಟ್‌ವರ್ಕ್ ಹಬ್‌ಗೂ ಅಲ್ಲಿನ ಮುಖ್ಯ ಡೇಟಾ ಸೆಂಟರ್‌ಗೂ ಸಂಪರ್ಕ ತಪ್ಪಿದ್ದು 43 ಸೆಕೆಂಡ್. ಅಷ್ಟರಲ್ಲಿ ಡೇಟಾಬೇಸ್‌ನ ಯಜಮಾನಿಕೆ ಪಶ್ಚಿಮಕ್ಕೆ ಹೋಗಿ, ಎರಡೂ ಕಡೆ ಒಂದಕ್ಕೊಂದು ಇಲ್ಲದ ಬರಹ ಉಳಿಯಿತು. ಸೇವೆ ಪೂರ್ತಿ ಸರಿಹೋಗಲು 24 ಗಂಟೆ 11 ನಿಮಿಷ ಬೇಕಾಯಿತು. ಅಲ್ಲಿ ಶೇರ್ಡ್ ಡಿಸ್ಕ್ ಇರಲಿಲ್ಲ, ಆದರೆ ಕಾಯಿಲೆ ಒಂದೇ.

ಎರಡೇ ನೋಡ್ ಇದ್ದರೆ ಬಹುಮತ ಅನ್ನುವುದೇ ಹುಟ್ಟುವುದಿಲ್ಲ. ಇಬ್ಬರಲ್ಲಿ ಯಾರು ಸರಿ ಅಂತ ಹೇಳಲು ಮೂರನೆಯವರು ಬೇಕು. ಮೂಲೆಯಲ್ಲಿ ಒಂದು ಚಿಕ್ಕ ಮೆಷೀನ್ ಇಟ್ಟು ಅದರಲ್ಲಿ ಕೊರೊಸಿಂಕ್‌ನ ಕ್ಯುನೆಟ್‌ಡಿ ಓಡಿಸಿ, ಟಿಸಿಪಿ 5403 ತೆರೆಯಿರಿ. ಅದು ಮೂರನೇ ಮತ ಹಾಕುತ್ತದೆ. ಅದನ್ನು ಇದೇ ಎರಡು ನೋಡ್‌ಗಳಲ್ಲಿ ಒಂದರ ಮೇಲೆ ವರ್ಚುವಲ್ ಮೆಷೀನ್ ಮಾಡಿ ಮಾತ್ರ ಇಡಬೇಡಿ. ಅದು ಆಗದಿದ್ದರೆ ಒಂದು ನೋಡ್‌ನ ಫೆನ್ಸಿಂಗ್‌ಗೆ ಕೆಲವು ಸೆಕೆಂಡ್ ತಡ ಕೊಡಿ, ಇಬ್ಬರೂ ಒಟ್ಟಿಗೆ ಗುಂಡು ಹಾರಿಸುವುದು ತಪ್ಪುತ್ತದೆ.

ಫೆನ್ಸಿಂಗ್ ಕೆಲಸ ಮಾಡುತ್ತಿದೆಯಾ ಅಂತ ‘ಪಿಸಿಎಸ್ ಸ್ಟೋನಿತ್ ಫೆನ್ಸ್’ ಬರೆದು ನೋಡ್ ಹೆಸರು ಕೊಟ್ಟು ನೋಡಿ. ಆ ನೋಡ್ ನಿಜವಾಗಿಯೂ ರೀಬೂಟ್ ಆಗುತ್ತದೆ, ಕೆಲಸ ಮಾಡುವವರಿಗೆ ಮೊದಲೇ ಹೇಳಿರಿ. ಐಪಿಎಂಐ (ದೂರದಿಂದ ಸರ್ವರ್ ಆನ್, ಆಫ್ ಮಾಡುವ ವ್ಯವಸ್ಥೆ) ಬಳಸಿದ್ದರೆ ಯುಡಿಪಿ 623 ತೆರೆದಿರಬೇಕು. ಇಲ್ಲೊಂದು ಮುಖ್ಯ ವಿಷಯ: ಸರ್ವರ್‌ಗೆ ಬರುವ ಕರೆಂಟ್ ಪೂರ್ತಿ ಹೋದರೆ ಐಪಿಎಂಐ ಕೂಡ ಸಾಯುತ್ತದೆ. ಆಗ ಉಳಿದ ನೋಡ್‌ಗೆ ‘ಆಫ್ ಆಯಿತು’ ಅನ್ನುವ ಉತ್ತರ ಬರುವುದೇ ಇಲ್ಲ. ಜಿಎಫ್‌ಎಸ್2 ಆದರೆ ಇಡೀ ಫೈಲ್‌ಸಿಸ್ಟಮ್ ಹೆಪ್ಪುಗಟ್ಟಿದ ಹಾಗೆ ನಿಲ್ಲುತ್ತದೆ. ಯುಪಿಎಸ್ ಟ್ರಿಪ್ ಆಗುವ, ಕರೆಂಟ್ ಹೋಗಿ ಬರುವ ನಮ್ಮ ಕಡೆ ಇದು ಅಪರೂಪವಲ್ಲ. ಎರಡು ಪವರ್ ಸಪ್ಲೈಗಳನ್ನು ಎರಡು ಬೇರೆ ಲೈನ್‌ಗೆ ಹಾಕಿ, ಎರಡನೇ ಹಂತದ ಫೆನ್ಸಿಂಗ್ ಆಗಿ ಸ್ಕಸಿ ರಿಸರ್ವೇಶನ್ (ಕೀ ನೋಂದಾಯಿಸಿದ ನೋಡ್ ಮಾತ್ರ ಡಿಸ್ಕ್‌ಗೆ ಬರೆಯುವಂತೆ ಮಾಡುವುದು) ಇಡಿ. ಅದಕ್ಕೆ ಸ್ಟೋರೇಜ್ ಸ್ಕಸಿ-3 ಪರ್ಸಿಸ್ಟೆಂಟ್ ರಿಸರ್ವೇಶನ್ ಬೆಂಬಲಿಸಬೇಕು.

ಲಕ್ಷಣ: ಒಂದು ಕೇಬಲ್ ಕಿತ್ತರೆ ಎರಡು ನಿಮಿಷ ಎಲ್ಲ ಸ್ತಬ್ಧ

ದಾರಿ ಎರಡಿದೆ, ಒಂದು ಕಿತ್ತರೆ ಇನ್ನೊಂದರಲ್ಲಿ ಹೋಗಬೇಕು, ಆದರೆ ಎರಡು ನಿಮಿಷ ಕಾಯುತ್ತದೆ. ಐಸ್ಕಸಿಯ ‘ರಿಪ್ಲೇಸ್‌ಮೆಂಟ್ ಟೈಮ್‌ಔಟ್’ ಡಿಫಾಲ್ಟ್ 120 ಸೆಕೆಂಡ್. ಮಲ್ಟಿಪಾತ್ ಇರುವಾಗ ಅಷ್ಟು ಕಾಯಬೇಕಿಲ್ಲ, 5ರಿಂದ 15 ಸಾಕು. ‘ಐಸ್ಕಸಿಡಿ’ ಕಾನ್ಫಿಗ್ ಫೈಲ್‌ನಲ್ಲಿ ಬದಲಿಸಿದೆ, ಏನೂ ಆಗಲಿಲ್ಲ ಅನ್ನುವವರೇ ಜಾಸ್ತಿ. ಆ ಫೈಲ್ ಮುಂದೆ ಹೊಸದಾಗಿ ಹುಡುಕುವ ಟಾರ್ಗೆಟ್‌ಗಳಿಗೆ ಮಾತ್ರ. ಈಗಾಗಲೇ ಇರುವ ದಾಖಲೆಯನ್ನು ‘ಐಸ್ಕಸಿಆಡ್ಮ್’ನ ಅಪ್‌ಡೇಟ್ ಮೂಲಕ ಬದಲಿಸಿ, ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆಗಬೇಕು.

ಎರಡು ನಿಮಿಷವಲ್ಲ, ಎಷ್ಟು ಹೊತ್ತಾದರೂ ಏಳುವುದೇ ಇಲ್ಲ ಅಂದರೆ ಎರಡೂ ಸ್ಟೋರೇಜ್ ಕಾರ್ಡ್ ಒಂದೇ ಸಬ್‌ನೆಟ್‌ನಲ್ಲಿವೆಯಾ ನೋಡಿ. ಲಿನಕ್ಸ್‌ನಲ್ಲಿ ಒಂದು ಕಾರ್ಡ್‌ನ ಐಪಿಗೆ ಬಂದ ಎಆರ್‌ಪಿ (‘ಈ ಐಪಿ ಯಾರದು’) ಪ್ರಶ್ನೆಗೆ ಇನ್ನೊಂದು ಕಾರ್ಡ್ ಉತ್ತರ ಕೊಡುತ್ತದೆ. ಹೊರಗೆ ಎರಡು ದಾರಿ ಕಂಡರೂ ಒಳಗೆ ಎಲ್ಲವೂ ಒಂದರಲ್ಲೇ ಹೋಗುತ್ತಿರುತ್ತದೆ. ಎರಡು ಬೇರೆ ಸಬ್‌ನೆಟ್ ಮಾಡಿದರೆ ಈ ಗೋಜಲೇ ಇರುವುದಿಲ್ಲ.

ಎನ್‌ಎಫ್‌ಎಸ್ (ನೆಟ್‌ವರ್ಕ್ ಮೇಲೆ ಫೋಲ್ಡರ್ ಹಂಚುವ ವಿಧಾನ) ಬಳಸುವವರಿಗೆ ಎರಡು ಮಾತು

ಫೇಲ್‌ಓವರ್ (ಸೇವೆ ಇನ್ನೊಂದು ನೋಡ್‌ಗೆ ಹೋಗುವುದು) ಆದ ಮೇಲೆ ಕ್ಲೈಂಟ್‌ನಲ್ಲಿ ‘ಸ್ಟೇಲ್ ಫೈಲ್ ಹ್ಯಾಂಡಲ್’ ಬಂದರೆ ಎಕ್ಸ್‌ಪೋರ್ಟ್‌ನ ಎಫ್‌ಎಸ್‌ಐಡಿ (ಹಂಚಿದ ಫೋಲ್ಡರ್‌ನ ಗುರುತು ಸಂಖ್ಯೆ) ಎರಡೂ ನೋಡ್‌ನಲ್ಲಿ ಒಂದೇ ಇದೆಯಾ ನೋಡಿ. ಒಂದೂವರೆ ನಿಮಿಷ ನಿಂತು ಆಮೇಲೆ ತಾನೇ ಹೊರಟರೆ ಅದು ದೋಷವಲ್ಲ, ಎನ್‌ಎಫ್‌ಎಸ್4ರ 90 ಸೆಕೆಂಡ್ ಗ್ರೇಸ್ ಅವಧಿ.

ಯಾವಾಗ ನಿಲ್ಲಿಸಿ ಸಹಾಯ ಕೇಳಬೇಕು

ಫೈಲ್‌ಸಿಸ್ಟಮ್ ಎರಡೂ ಕಡೆ ಮೌಂಟ್ ಆಗಿ ಕೆಟ್ಟಿದ್ದರೆ. ಸ್ಟೋರೇಜ್‌ನಲ್ಲಿ ಡಿಸ್ಕ್ ಅಥವಾ ಕಂಟ್ರೋಲರ್ ಕೆಂಪು ದೀಪ ತೋರಿಸುತ್ತಿದ್ದರೆ. ಆಗ ಸುಮ್ನೆ ಡಿಸ್ಕ್ ಕಿತ್ತು ಹಾಕಬೇಡಿ, ರೇಡ್ ಮರುಕಟ್ಟುವಾಗ ಎರಡನೆಯದನ್ನು ಕಿತ್ತರೆ ಎಲ್ಲ ಹೋಗಬಹುದು. ‘ರಿಸರ್ವೇಶನ್ ಕಾನ್‌ಫ್ಲಿಕ್ಟ್’ ಬರುತ್ತಿದ್ದು, ಯಾವ ಕೀ ಯಾವ ನೋಡ್‌ನದು ಅಂತ ಗೊತ್ತಾಗದಿದ್ದರೆ. ಅದನ್ನು ಅಳಿಸುವುದು ಸುಲಭ, ಬದುಕಿರುವ ನೋಡ್‌ನ ಕೀ ಅಳಿಸಿದರೆ ಅದರ ಡಿಸ್ಕ್ ಆ ಕ್ಷಣವೇ ಹೋಗುತ್ತದೆ. ಮತ್ತೆ, ಒಂದೇ ತೊಂದರೆಗೆ ಮೂರನೇ ಸಲ ಕಾನ್ಫಿಗ್ ಬದಲಿಸುತ್ತಿದ್ದೀರಿ, ಮೊದಲು ಏನಿತ್ತು ಅಂತ ನೆನಪಿಲ್ಲ ಅಂದರೆ.

ಕರೆಯುವ ಮೊದಲು ಇಷ್ಟು ಕೈಯಲ್ಲಿರಲಿ: ತೊಂದರೆ ಆದ ನಿಖರ ಸಮಯ, ಆ ಹೊತ್ತಿನ ಎಲ್ಲ ನೋಡ್‌ಗಳ ಲಾಗ್, ‘ಸಿಆರ್‌ಎಂ_ರಿಪೋರ್ಟ್’ ಕೊಟ್ಟ ಕಟ್ಟು, ‘ಮಲ್ಟಿಪಾತ್ -ಎಲ್‌ಎಲ್’ ಉತ್ತರ, ಸ್ವಿಚ್‌ನ ಪೋರ್ಟ್ ಎರರ್ ಲೆಕ್ಕ. ನೋಡ್‌ಗಳ ಗಡಿಯಾರ ಕ್ರೋನಿಯಿಂದ ಹೊಂದಿಕೊಂಡಿರಲಿ. ಒಂದು ನೋಡ್ ನಾಲ್ಕು ನಿಮಿಷ ಹಿಂದಿದ್ದರೆ ಯಾರು ಮೊದಲು ಬಿದ್ದರು ಅಂತ ಲಾಗ್ ನೋಡಿ ಹೇಳಲು ಆಗುವುದಿಲ್ಲ. ಲಾಗ್ ತೆಗೆಯುವ ಮೊದಲು ನೋಡನ್ನು ರೀಬೂಟ್ ಮಾಡಬೇಡಿ, ಬೇಕಾದ ಸಾಲುಗಳು ಕೆಲವೊಮ್ಮೆ ಮೆಮೊರಿಯಲ್ಲಿ ಮಾತ್ರ ಇರುತ್ತವೆ.